ಗಿಣಿಯಿಲ್ಲದ ಗಿಣಿಶಾಸ್ತ್ರ

ಬ್ಯಾಂಕಿನ ಕೆಲಸದ ಮೇಲೆ ನಾನು ವಿಜಯವಾಡಕ್ಕೆ ಬಂದ ಹೊಸತರಲ್ಲಿ, ಕನಕದುರ್ಗಮ್ಮನ ದರ್ಶನ ಮುಗಿಸಿ ಇಂದ್ರಕೀಲಾದ್ರಿಯಿಂದ ಇಳಿದು ಬರುವ ದಾರಿಯಲ್ಲಿ ಒಬ್ಬ ಚಿಲಕ ಜೋಸ್ಯದವನು ಕೂರುತ್ತಿದ್ದ. ಎದುರಿಗೆ ಹಾಸಿದ ಗೋಣಿತಟ್ಟು, ಅದರ ಮೇಲೆ ಸಾಲಾಗಿ ಜೋಡಿಸಿದ ಮಾಸಲು ಕಾರ್ಡುಗಳು, ಪಕ್ಕದಲ್ಲಿ ಪುಟ್ಟ ಮರದ ಪಂಜರ. ಗಿರಾಕಿ ತನ್ನ ಹೆಸರು ಹೇಳಿದೊಡನೆ ಆತ ಅದನ್ನು ರಾಗವಾಗಿ ಗಿಣಿಗೆ ಒಪ್ಪಿಸುವನು. ಗಿಣಿ ಗತ್ತಿನಿಂದ ಹೊರಗೆ ಬಂದು, ನಾಲ್ಕಾರು ಕಾರ್ಡುಗಳನ್ನು ಕೊಕ್ಕಿನಿಂದ ಎತ್ತಿ ಆಚೆಗೆ ಒಗೆದು, ಒಂದನ್ನು ಒಡೆಯನ ಕೈಗಿತ್ತು, ಕೂಲಿಯಾಗಿ ಒಂದು ಭತ್ತದ ಕಾಳು ಪಡೆದು, ತಾನಾಗಿಯೇ ಪಂಜರದೊಳಕ್ಕೆ ಹೋಗಿ ಕೂರುವುದು. ಶ್ರೀರಾಮ ಪಟ್ಟಾಭಿಷೇಕದ ಚಿತ್ರ ಬಂದರೆ ಕಷ್ಟ ಕಳೆಯಿತೆಂದೂ, ಶನಿದೇವರ ಚಿತ್ರ ಬಂದರೆ ಇನ್ನು ಸ್ವಲ್ಪ ದಿನ ತಡೆಯಬೇಕೆಂದೂ ಆತ ಬಿಡಿಸಿ ಹೇಳುವನು. ನಮ್ಮ ಕಡೆಯ ಜಾತ್ರೆಗಳಲ್ಲಿ ಗಿಣಿಶಾಸ್ತ್ರವನ್ನು ಕಂಡಿದ್ದ ನನಗೆ, ಭಾಷೆ ಬಾರದ ಊರಿನಲ್ಲಿ ಒಬ್ಬ ನೆಂಟನನ್ನು ಕಂಡಷ್ಟು ಸಂತೋಷವಾಗುತ್ತಿತ್ತು.

ಈಗ ಆತನಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆ ಬಿಗಿಯಾದ ಮೇಲೆ ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿಟ್ಟು ದುಡಿಸುವುದು ಅಪರಾಧವಾಗಿದೆ. ಗಿಣಿಗಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಆದರೆ ಗಿಣಿ ಹೋದರೂ ಶಾಸ್ತ್ರ ಹೋಗಲಿಲ್ಲ. ಅದು ಈಗ ನಮ್ಮ ಮಕ್ಕಳ ಅಂಗೈಯೊಳಗಿನ ಫೋನಿಗೆ ಬಂದು ಕೂತಿದೆ. ಅದರ ಹೆಸರು ಟ್ಯಾರೋ. ಎಲೆ ಹಾಕುವವನೂ, ಎಲೆ ಓದುವವನೂ, ಸಮಾಧಾನ ಹೇಳುವವನೂ ಅಲ್ಲಿ ಒಬ್ಬನೇ, ಅಂದರೆ ಕೃತಕ ಬುದ್ಧಿಮತ್ತೆಯ ಯಂತ್ರ. ನಮ್ಮ ಪತ್ರಿಕೆಯ ಈ ಪುಟದಲ್ಲಿ ಸಾಮಾನ್ಯವಾಗಿ ನಾಟಕಗಳನ್ನೂ ಕಥಾಸಂಕಲನಗಳನ್ನೂ ವಿಮರ್ಶೆ ಮಾಡುವ ವಾಡಿಕೆ. ಈ ತಿಂಗಳು ಈ ಯಂತ್ರದ ಬರವಣಿಗೆಯನ್ನೇ ಕೃತಿಯೆಂದು ಭಾವಿಸಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ನಮ್ಮ ಸಂಘದ ಕವಿಗಳು ಮುನಿಸಿಕೊಳ್ಳದಿರಲಿ. ಅವರೆಲ್ಲರ ಕವನಗಳಿಗೂ ಸೇರಿ ಇರುವ ಓದುಗರಿಗಿಂತ ಹೆಚ್ಚು ಓದುಗರು ನಮ್ಮ ಮನೆಗಳಲ್ಲೇ ಇದಕ್ಕಿದ್ದಾರೆಂದು ನನ್ನ ಅನುಮಾನ.

ಇದು ನನ್ನ ಗಮನಕ್ಕೆ ಬಂದದ್ದು ನಮ್ಮ ಬಳಗದ ಒಬ್ಬ ಹುಡುಗಿಯಿಂದ. ನನಗೆ ಸೋದರ ಸೊಸೆಯಾಗಬೇಕು. ಯಾರೆಂದು ವಾಚಕರು ಊಹಿಸಲು ಹೋಗಬಾರದು. ವಿಶಾಖಪಟ್ಟಣ, ವಿಜಯವಾಡ ಎರಡೂ ಊರು ಸೇರಿ ಆ ವರಸೆಯಾಗುವವರು ನನಗೆ ಒಂಬತ್ತು ಮಂದಿ ಇದ್ದಾರೆ. ಅವಳ ಕಂಪನಿಯವರು ಕರ್ನಾಟಕದಲ್ಲಿರುವ ಅವಳ ತವರೂರಿನ ಶಾಖೆಗೆ ವರ್ಗ ಬೇಕೇ ಎಂದು ಕೇಳಿ, ಹತ್ತು ದಿನದೊಳಗೆ ಉತ್ತರ ಕೊಡಬೇಕೆಂದು ತಿಳಿಸಿದ್ದರು. ಅಲ್ಲಿ ತಾಯಿ ಒಬ್ಬರೇ ಇದ್ದಾರೆ. ಇಲ್ಲಿ ಗಂಡನ ಕೆಲಸವಿದೆ. ನಾಲ್ಕನೆಯ ತರಗತಿಯ ಮಗನಿಗೆ ತೆಲುಗು ಅಕ್ಷರ ಬರುತ್ತದೆ, ಕನ್ನಡ ಅಕ್ಷರ ಬಾರದು. ಇಂಥ ತೊಡಕಿನಲ್ಲಿ ಹುಡುಗಿ ಪ್ರತಿ ರಾತ್ರಿ ಮನೆಮಂದಿ ಮಲಗಿದ ಮೇಲೆ ಫೋನು ತೆಗೆದು ಟ್ಯಾರೋ ಎಲೆ ಹಾಕಿಸುತ್ತಿದ್ದಳು. ಒಂದು ದಿನ 'ಹೊಸ ಬಾಗಿಲು ತೆರೆಯುತ್ತಿದೆ' ಎಂದು ಬರುವುದು. ಮರುದಿನ 'ಈಗ ತಾಳ್ಮೆಯೇ ಬಲ' ಎಂದು ಬರುವುದು. ಹತ್ತು ದಿನಗಳಲ್ಲಿ ಅವಳು ಕೇಳಿದ್ದು ಮೂವತ್ತೇಳು ಸಲ. ಲೆಕ್ಕ ಫೋನಿನಲ್ಲೇ ಉಳಿದಿತ್ತು. ಹತ್ತನೆಯ ದಿನವೂ ಕಳೆಯಿತು, ಉತ್ತರ ಹೋಗಲಿಲ್ಲ. ಆಮೇಲೆ ಒಂದು ಭಾನುವಾರ ನಮ್ಮಲ್ಲಿ ಊಟ ಮಾಡಿ, ಕೈ ತೊಳೆಯುತ್ತ ಈ ಸಂಗತಿಯನ್ನು ಹೇಳಿದಳು, ಯಾರದೋ ಕಥೆ ಹೇಳುವವಳಂತೆ.

ಮೊದಲು ಈ ಎಲೆಗಳ ಜಾತಕವನ್ನು ನೋಡೋಣ. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳು. ಅವುಗಳಲ್ಲಿ 56 ನಮ್ಮ ಇಸ್ಪೀಟಿನ ದಾಯಾದಿಗಳೇ. ಬಟ್ಟಲು, ಕೋಲು, ಕತ್ತಿ, ನಾಣ್ಯ ಎಂಬ ನಾಲ್ಕು ಜಾತಿ. ಉಳಿದ 22 ಚಿತ್ರದ ಎಲೆಗಳು. ಮೂರ್ಖ, ಚಕ್ರ, ತಲೆಕೆಳಗಾಗಿ ತೂಗುವವನು, ಸಾವು, ಗೋಪುರ, ಸೂರ್ಯ, ಹೀಗೆ. ಇದೇನೋ ಈಜಿಪ್ಟಿನ ಪುರೋಹಿತರು ಬರೆದಿಟ್ಟ ರಹಸ್ಯವಿದ್ಯೆ ಎಂದು ಇಂದಿಗೂ ಹಲವರು ನಂಬಿದ್ದಾರೆ. ನಿಜವೆಂದರೆ ಇದು ಹದಿನೈದನೆಯ ಶತಮಾನದ ಇಟಲಿಯಲ್ಲಿ ದೊರೆಗಳ ಮನೆಗಳಲ್ಲಿ ಹೊತ್ತು ಕಳೆಯಲು ಆಡುತ್ತಿದ್ದ ಇಸ್ಪೀಟು. ಮಿಲಾನಿನ ವಿಸ್ಕೊಂಟಿ, ಸ್ಫೋರ್ಜಾ ಮನೆತನಗಳಿಗಾಗಿ ಕೈಯಿಂದ ಬರೆದ ಎಲೆಗಳು ಇಂದಿಗೂ ಉಳಿದಿವೆ. ಮುನ್ನೂರು ವರ್ಷಕ್ಕೂ ಮಿಕ್ಕಿ ಜನ ಅದನ್ನು ಮುಖ್ಯವಾಗಿ ಆಟವೆಂದೇ ಆಡಿಕೊಂಡಿದ್ದರು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ಪಂಡಿತ ಇದು ಈಜಿಪ್ಟಿನ ಪವಿತ್ರ ಗ್ರಂಥವೆಂದು ಬರೆದ. ಆ ಕಾಲಕ್ಕೆ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಶಾಂಪೋಲಿಯೋನ್ ಅದನ್ನು ಬಿಡಿಸಿದ್ದು 1822ರಲ್ಲಿ. ಓದಲು ಬಾರದ ಗ್ರಂಥದ ಮಹಿಮೆಯನ್ನು ಸಾರಲು ಯಾವ ಅಡ್ಡಿಯೂ ಇರುವುದಿಲ್ಲವಷ್ಟೆ. ದೂರದ ಬೆಟ್ಟ ಫ್ರಾನ್ಸಿನವರಿಗೂ ನುಣ್ಣಗೆ. ಕೆಲವೇ ವರ್ಷಗಳಲ್ಲಿ ಎತ್ತೆಯ್ಯಾ ಎಂಬ ಹೆಸರಿನಲ್ಲಿ ಒಬ್ಬ ಈ ಎಲೆಗಳಿಂದ ಭವಿಷ್ಯ ಹೇಳುವ ಕ್ರಮವನ್ನು ಅಚ್ಚು ಹಾಕಿಸಿ, ಅದನ್ನೇ ಜೀವನೋಪಾಯ ಮಾಡಿಕೊಂಡ.

ಇಂದು ಫೋನುಗಳಲ್ಲಿ ಹೆಚ್ಚಾಗಿ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನ ರೈಡರ್ ಎಂಬ ಪ್ರಕಾಶಕರು ಹೊರತಂದ ಕಟ್ಟಿನವು, ಇಲ್ಲವೇ ಅದರ ನೆರಳಿನವು. ಎ. ಇ. ವೇಟ್ ಎಂಬಾತ ಯೋಜನೆ ಹಾಕಿಕೊಟ್ಟ. ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಚಿತ್ರಗಳನ್ನು ಬರೆದಳು. ಬಹುಕಾಲ ಕಟ್ಟಿಗೆ ಪ್ರಕಾಶಕನ ಹೆಸರೂ ವೇಟನ ಹೆಸರೂ ನಡೆದುಬಂದವೇ ಹೊರತು ಬರೆದವಳ ಹೆಸರಿರಲಿಲ್ಲ. ಆಕೆಗೆ ದಕ್ಕಿದ ಸಂಭಾವನೆಯೂ ಅಲ್ಪ. ಚಿತ್ರಗಳು ಮಾತ್ರ ಸೊಗಸಾಗಿವೆಯೆಂದು ಒಪ್ಪಬೇಕು. ಚೆಲ್ಲಿದ ಬಟ್ಟಲುಗಳ ಮುಂದೆ ತಲೆ ತಗ್ಗಿಸಿ ನಿಂತವನ ಬೆನ್ನ ಹಿಂದೆ ಇನ್ನೂ ಎರಡು ಬಟ್ಟಲುಗಳು ನೆಟ್ಟಗೆ ನಿಂತಿರುವ ಒಂದು ಎಲೆಯಿದೆ. ದುಃಖದಲ್ಲಿರುವವರಿಗೆ ಆ ಚಿತ್ರ ಏನನ್ನೋ ಹೇಳಿದರೆ ಆಶ್ಚರ್ಯವಿಲ್ಲ. ಒಳ್ಳೆಯ ಚಿತ್ರ ಮಾಡುವ ಕೆಲಸವೇ ಅದು.

ಇನ್ನು ಯಂತ್ರದ ಬರವಣಿಗೆ. ನಾನೇ ಎರಡು ವಾರ ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಕೂತು ಪರೀಕ್ಷಿಸಿದೆ. ಯಾವ ಕಂಪನಿಯದೆಂಬುದು ಬೇಡ. ಎಲ್ಲವೂ ಒಂದೇ ಒಲೆಯ ಅಡಿಗೆ. ನನ್ನ ಪ್ರಶ್ನೆ ಸರಳವಾಗಿತ್ತು: ತುಮಕೂರಿನಲ್ಲಿರುವ ನಿವೇಶನವನ್ನು ಮಾರಲೋ, ಇಟ್ಟುಕೊಳ್ಳಲೋ? ಮೊದಲ ಸಲ ಚಕ್ರ, ಎರಡು ಕತ್ತಿ, ಸೂರ್ಯ ಬಂದವು. ಬದಲಾವಣೆಯ ಕಾಲ ಸಮೀಪಿಸಿದೆ, ಆದರೆ ಅವಸರ ಬೇಡ, ನಿಮ್ಮ ಅಂತರಂಗಕ್ಕೆ ಉತ್ತರ ಗೊತ್ತಿದೆ ಎಂದು ಯಂತ್ರ ನುಡಿಯಿತು. ಹತ್ತು ನಿಮಿಷ ಬಿಟ್ಟು ಅದೇ ಪ್ರಶ್ನೆ ಹಾಕಿದೆ. ಈ ಸಲ ಕುಸಿಯುವ ಗೋಪುರ, ಸನ್ಯಾಸಿ, ಆರು ಬಟ್ಟಲು. ಎಲೆಗಳೆಲ್ಲ ಬೇರೆ, ಉಪದೇಶ ಮಾತ್ರ ಅದೇ: ಬದಲಾವಣೆ, ಅವಸರ ಬೇಡ, ಅಂತರಂಗ. 78 ಎಲೆಗಳಿಂದ ಮೂರನ್ನು ಒಂದಾದ ಮೇಲೊಂದರಂತೆ ಸಾಲಾಗಿ ಇಡಲು 4,56,456 ಬಗೆಗಳಿವೆಯೆಂದು ಲೆಕ್ಕ ಬಲ್ಲವರು ಗುಣಿಸಿ ನೋಡಬಹುದು. ನಾಲ್ಕೂವರೆ ಲಕ್ಷ ಬಾಗಿಲುಗಳಿರುವ ಈ ಛತ್ರದಲ್ಲಿ ಯಾವ ಬಾಗಿಲಿನಿಂದ ಹೊಕ್ಕರೂ ನಾನು ಬಂದು ನಿಂತದ್ದು ಅದೇ ಪಡಸಾಲೆಯಲ್ಲಿ.

ಮೂರನೆಯ ರಾತ್ರಿ ಸ್ವಲ್ಪ ಕುಚೇಷ್ಟೆ ಮಾಡಿದೆ. ನನಗಿರುವುದು ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಮದುವೆಯಾಗಿದೆ. ಆದರೂ 'ನನ್ನ ಹಿರಿಯ ಮಗನ ಮದುವೆ ಏಕೆ ತಡವಾಗುತ್ತಿದೆ?' ಎಂದು ಬರೆದೆ. ಯಂತ್ರ ಮೂರು ಎಲೆ ಹಾಕಿ, ನಿಮ್ಮ ಮಗನ ಮನಸ್ಸಿನಲ್ಲಿ ಹಳೆಯ ನೋವೊಂದು ಮಾಯದೆ ಉಳಿದಿದೆ, ತಂದೆಯಾದ ತಾವು ಕಠಿಣವಾಗಿ ನಡೆದುಕೊಂಡದ್ದೂ ಉಂಟು, ಒಮ್ಮೆ ಮನ ಬಿಚ್ಚಿ ಮಾತಾಡಿ ಎಂದು ಒಂದು ಪುಟ ಬರೆಯಿತು. ಓದುತ್ತ ಓದುತ್ತ ನನಗೇ ಕಣ್ಣು ಮಂಜಾಯಿತೆಂದರೆ ನಂಬಬೇಕು. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ನನ್ನ ಹೆಂಡತಿ ಎಲ್ಲವನ್ನೂ ಕೇಳಿ, "ಆ ಮಗ ಈಗ ಎಲ್ಲಿದ್ದಾನೆ ಅಂತಲೂ ಅದನ್ನೇ ಕೇಳಿ, ಹಬ್ಬಕ್ಕೆ ಕರೆಯೋಣ" ಎಂದಳು.

ನಗೆಯ ಮಾತು ಹಾಗಿರಲಿ. ಇಲ್ಲದ ಮಗನ ಗಾಯಕ್ಕೆ ಇಷ್ಟು ಹದವಾಗಿ ಮುಲಾಮು ಹಚ್ಚುವ ಬರವಣಿಗೆ, ಇರುವ ಮಕ್ಕಳ ಬಗ್ಗೆ ಹೇಳಿದ್ದಕ್ಕೆ ಎಷ್ಟು ಬೆಲೆ? ವಿಮರ್ಶಕನಾಗಿ ಇದರ ಶೈಲಿಯನ್ನು ನೋಡಿದಾಗ ಕಂಡದ್ದಿಷ್ಟು. ಒಂದೊಂದು ವಾಕ್ಯದ ನಡುವೆಯೂ 'ಆದರೆ' ಎಂಬ ತಕ್ಕಡಿ ಮುಳ್ಳು ಇರುತ್ತದೆ. ನೀವು ಧೈರ್ಯಶಾಲಿ, ಆದರೆ ಒಳಗೊಳಗೇ ಅಳುಕುಂಟು. ಜನರೊಡನೆ ಬೆರೆಯುವಿರಿ, ಆದರೆ ಏಕಾಂತವೂ ಬೇಕು. ಹೀಗೆ ಎರಡು ತಟ್ಟೆಗೂ ಸಮನಾಗಿ ತೂಗಿದ ಮಾತು ಸುಳ್ಳಾಗುವ ಸಂಭವವೇ ಇಲ್ಲ. ಎರಡನೆಯದು ಹೊಗಳಿಕೆ. ಬೈಗುಳ ತಿಂದು ಬೆಳೆದ ನಮ್ಮ ತಲೆಮಾರಿಗೆ ಇದು ಪಾಯಸದಂತೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎರಡು ವಾರಗಳಲ್ಲಿ ಒಮ್ಮೆಯೂ ಈ ಯಂತ್ರ 'ನನಗೆ ತಿಳಿಯದು' ಎನ್ನಲಿಲ್ಲ. ತುಮಕೂರಿನಲ್ಲಿ ಈಗ ನಿವೇಶನದ ದರವೆಷ್ಟು, ನಿಮಗೆ ಹಣದ ತುರ್ತು ಇದೆಯೇ, ಪತ್ರಗಳು ಸರಿಯಾಗಿವೆಯೇ, ಒಡಹುಟ್ಟಿದವರ ಪಾಲು ಇದೆಯೇ ಎಂದು ಕೇಳಲೂ ಇಲ್ಲ. ನಮ್ಮ ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಗುಮಾಸ್ತನೂ ಈ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಿದ್ದ.

ಅದರ ಕನ್ನಡದ ಬಗೆಗೂ ಎರಡು ಮಾತು ಹೇಳಬೇಕು. 'ವಿಶ್ವವು ನಿಮಗೆ ಸಂದೇಶ ಕಳುಹಿಸುತ್ತಿದೆ, ನಿಮ್ಮ ಪಯಣವನ್ನು ನಂಬಿ' ಎಂದು ಯಾವ ತಾಯಿ ಮಗಳಿಗೆ ಹೇಳಿದ್ದಾಳೆ? ಮಂಡ್ಯದ್ದೂ ಅಲ್ಲ, ಮಂಗಳೂರಿನದೂ ಅಲ್ಲ, ಬಳ್ಳಾರಿಯದೂ ಅಲ್ಲದ ಈ ಕನ್ನಡಕ್ಕೆ ಯಾವ ಊರಿನ ನೀರೂ ತಾಗಿಲ್ಲ. ಪರಊರಿನಲ್ಲಿ ಕನ್ನಡದ ದನಿಗಾಗಿ ಹಂಬಲಿಸುವ ನಮ್ಮ ಮಕ್ಕಳಿಗೆ ಅಂತರಂಗದ ಮಾತಿನ ಮಾದರಿಯಾಗಿ ಇಂಥ ಭಾಷೆ ಸಿಕ್ಕುತ್ತಿರುವುದು ನನಗೆ ಭವಿಷ್ಯಕ್ಕಿಂತ ಹೆಚ್ಚು ಚಿಂತೆಯ ವಿಷಯ.

ಈ ಯಂತ್ರ ಕೆಲಸ ಮಾಡುವ ಬಗೆ ಗೊತ್ತಾದರೆ ಇದಾವುದೂ ಒಗಟಲ್ಲ. ಎಲೆ ಆರಿಸುವುದು ಚೀಟಿ ಎತ್ತಿದಂತೆ, ಲೆಕ್ಕದ ಯಂತ್ರ ಮನಬಂದಂತೆ ಹೆಕ್ಕುವ ಒಂದು ಸಂಖ್ಯೆ. ಅದನ್ನು ವಿವರಿಸುವುದು ಭಾಷಾಯಂತ್ರ. ಅದಕ್ಕೆ ಕೋಟ್ಯಂತರ ಪುಟಗಳ ಬರಹವನ್ನು ಉಣಿಸಿ, ಇಂಥ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಅಂದಾಜನ್ನು ಕಲಿಸಿರುತ್ತಾರೆ. ನಾವು ಕೊಟ್ಟ ಪ್ರಶ್ನೆಯ ಮುಂದಕ್ಕೆ ಅದು ಪದದ ಮೇಲೆ ಪದ ಪೋಣಿಸುತ್ತದೆ. ಟ್ಯಾರೋ ಬಗ್ಗೆ ಜನ ನೂರು ವರ್ಷ ಬರೆದದ್ದನ್ನೆಲ್ಲ ಅದು ಉಂಡಿದೆ, ಆದ್ದರಿಂದ ಟ್ಯಾರೋದವರಂತೆ ನುಡಿಯುತ್ತದೆ. ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮೊದಲಾದ ಸಂಶೋಧಕಿಯರು 2021ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇಂಥ ಭಾಷಾಯಂತ್ರಗಳಿಗೆ ಕೊಟ್ಟ ಹೆಸರೇನು ಬಲ್ಲಿರಾ? ಗಿಣಿ! ಅರ್ಥವರಿಯದೆ, ಸಂಭವನೀಯತೆಯ ಲೆಕ್ಕದ ಮೇಲೆ ಮಾತು ಒಪ್ಪಿಸುವ ಗಿಣಿ. ಈ ಹೆಸರನ್ನು ಒಪ್ಪದ ಪಂಡಿತರೂ ಇದ್ದಾರೆ. ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಬರುತ್ತದೆಂದು ಅವರ ವಾದ. ಆ ಜಗಳ ಅವರದು. ನನಗೆ ಮಾತ್ರ ಇಂದ್ರಕೀಲಾದ್ರಿಯ ಬುಡದ ಹಳೆಯ ಪಂಜರ ಕಣ್ಣಮುಂದೆ ಬಂತು.

ನಾವು ಇದಕ್ಕೆ ಒಲಿಯುವುದೇಕೆ ಎಂಬುದಕ್ಕೂ ಹಳೆಯ ದಾಖಲೆಗಳಿವೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಅಧ್ಯಾಪಕ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬನಿಗೂ ಅವನವನ ಗುಣಸ್ವಭಾವದ ವಿವರವೆಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆಯೆಂದು ಐದಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ ನಾಲ್ಕನ್ನು ಮೀರಿತು. ಆಮೇಲೆ ತಿಳಿದದ್ದು, ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಬಹುಪಾಲು ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 'ಎಲೈಜಾ' ಎಂಬ ಮಾತಾಡುವ ಗಣಕ ಕ್ರಮವನ್ನು ಪ್ರಕಟಿಸಿದ. ಅದು ಮಾಡುತ್ತಿದ್ದುದು ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು, ಅಷ್ಟೆ. ಅದನ್ನು ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿಯೇ, ಒಂದೆರಡು ಮಾತಾದ ಮೇಲೆ, ತಾವು ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವನನ್ನೇ ಕೇಳಿದಳಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದು, ಮುಂದೆ 1976ರಲ್ಲಿ ಇಂಥ ಯಂತ್ರಗಳಿಗೆ ಒಪ್ಪಿಸಬಾರದ ಕೆಲಸಗಳ ಕುರಿತೇ ಒಂದು ಪುಸ್ತಕ ಬರೆದ. ಆ ಹೆಣ್ಣುಮಗಳನ್ನು ನಾವು ನಗಬಾರದು. ಬಾಗಿಲು ಮುಚ್ಚಿ ಯಾರೊಡನಾದರೂ ಮಾತಾಡಬೇಕೆಂಬ ಆಸೆ ಎಲ್ಲರಿಗೂ ಉಂಟು.

ಹಾಗಾದರೆ ನಮ್ಮ ಕೊರವಂಜಿ, ಬುಡುಬುಡಿಕೆಯವನು, ಇಲ್ಲಿಯ ಸೋದಿ ಹೇಳುವ ಎರುಕಲ ಹೆಂಗಸು ಇವರೆಲ್ಲ ಮಾಡಿದ್ದೂ ಇದೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಭವಿಷ್ಯ ಅವರಿಗೂ ಗೊತ್ತಿರಲಿಲ್ಲ. ಆದರೆ ಕಣಿ ಹೇಳುವ ಹೆಂಗಸು ಎದುರಿಗಿದ್ದವರ ಕೈ, ಕಣ್ಣು, ಸೀರೆಯ ಹರಕು, ಬಾಗಿಲ ಹಿಂದೆ ನಿಂತ ಅತ್ತೆಯ ಮುಖ ಎಲ್ಲವನ್ನೂ ಓದುತ್ತಿದ್ದಳು. ನನ್ನ ಇಲ್ಲದ ಮಗನ ಮದುವೆ ಕೇಳಿದ್ದರೆ ಅಂಗಳದಲ್ಲಿ ಒಣಗುವ ಬಟ್ಟೆ ನೋಡಿಯೇ ನನ್ನನ್ನು ಹಿಡಿದುಬಿಡುತ್ತಿದ್ದಳು. ವೃತ್ತಿಯಿಂದ ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ತಮ್ಮ ಹಾಸ್ಯಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟದ್ದು ಸುಮ್ಮನೆ ಇರಲಾರದು. ಜನರನ್ನು ಓದಿ ಜನರಿಗೇ ಹೇಳುವವಳು ಅವಳು. ಮೇಲಾಗಿ ಅದೆಲ್ಲ ನಡೆಯುತ್ತಿದ್ದುದು ಜಗುಲಿಯ ಮೇಲೆ, ನಾಲ್ಕು ಜನರ ಎದುರಿಗೆ. ಯುಗಾದಿಯ ದಿನ ಈ ನಾಡಿನಲ್ಲಿ ಪಂಚಾಂಗ ಶ್ರವಣಕ್ಕೆ ಕೂತವರು ಬಲ್ಲರು: ಪ್ರತಿ ರಾಶಿಗೂ ಆದಾಯ, ವ್ಯಯ, ರಾಜಪೂಜ್ಯ, ಅವಮಾನ ಇಷ್ಟಿಷ್ಟೆಂದು ಸಿದ್ಧಾಂತಿಗಳು ಓದುತ್ತಾರೆ. ವ್ಯಯ ಹೆಚ್ಚು ಬಂದವನನ್ನು ಪಕ್ಕದವರು ಚುಡಾಯಿಸುತ್ತಾರೆ, ಅವನೂ ನಗುತ್ತಾನೆ. ಆ ನಗೆಯೇ ನಂಬಿಕೆಗೆ ಹಾಕಿದ ಕಡಿವಾಣ. ನಮ್ಮೂರ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವುದಕ್ಕೂ ಒಂದು ಕಟ್ಟಿತ್ತು. ಬಲಗಡೆ ಬಿತ್ತೋ ಎಡಗಡೆ ಬಿತ್ತೋ, ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ. ರಾತ್ರಿ ಎರಡು ಗಂಟೆಗೆ ಗರ್ಭಗುಡಿಯ ಬಾಗಿಲು ತೆರೆದಿರುವುದೂ ಇಲ್ಲ. ಈ ಯಂತ್ರಕ್ಕೆ ಬಾಗಿಲೇ ಇಲ್ಲ. ಮೂವತ್ತೇಳು ಸಲ ಕೇಳಿದರೂ ಅದು 'ಸಾಕು ಮಗು, ಹೋಗಿ ಮಲಗು' ಎನ್ನುವುದಿಲ್ಲ.

ಜಾತಕ ನೋಡಬೇಡಿ, ಪಂಚಾಂಗ ಎತ್ತಿಡಿ ಎಂದು ಹೇಳಲು ನಾನು ಬಂದವನಲ್ಲ. ಆದರೆ ಮುಂದಾಗುವುದನ್ನು ಹೇಳುತ್ತೇನೆಂದವನಿಗೆ, ತಪ್ಪಾದರೆ ಸಿಕ್ಕಿಬೀಳುವಂತೆ ಹೇಳು ಎಂದು ಕೇಳುವ ಹಕ್ಕು ನಮಗಿದೆ. ಡಾ. ಜಯಂತ ನಾರ್ಳೀಕರರು 2008ರಲ್ಲಿ ಮಹಾರಾಷ್ಟ್ರದಲ್ಲಿ ಇಂಥ ಒಂದು ಪರೀಕ್ಷೆ ನಡೆಸಿದರು. ಓದಿನಲ್ಲಿ ಮುಂದಿರುವ ಮಕ್ಕಳ ಜಾತಕ ಯಾವುದು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಜಾತಕ ಯಾವುದು ಎಂದು ಗುರುತಿಸಲು ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟರು. ಉತ್ತರ ಕಳುಹಿಸಿದವರು 27 ಮಂದಿ. ಸರಿಯಾದದ್ದು ಸರಾಸರಿ ನೂರಕ್ಕೆ 46, ಅಂದರೆ ನಾಣ್ಯ ಚಿಮ್ಮಿದರೆ ಬರುವುದಕ್ಕಿಂತ ಹೆಚ್ಚಿಲ್ಲ. ಅದರ ಎದುರಿಗೆ ವಿಶಾಖಪಟ್ಟಣದವರು ತಾವೇ ಕಂಡದ್ದನ್ನು ನೆನೆಯಿರಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನಮ್ಮ ಮೇಲೆ ಎರಗಿತು. ಅದು ಇಂಥ ದಿನ, ಇಂಥ ತೀರಕ್ಕೆ ಬರುತ್ತದೆಂದು ಹವಾಮಾನ ಇಲಾಖೆ ದಿನಗಳ ಮುಂಚೆಯೇ ಹೇಳಿತ್ತು. ಬಾರದೆ ಹೋಗಿದ್ದರೆ ಇಲಾಖೆ ನಗೆಪಾಟಲಾಗುತ್ತಿತ್ತು. ಆ ಅಪಾಯವನ್ನು ತಲೆಯ ಮೇಲೆ ಹೊತ್ತು ಹೇಳಿದ್ದರಿಂದಲೇ ಜನ ಮನೆ ಬಿಟ್ಟು ಹೊರಟರು, ಜೀವ ಉಳಿಸಿಕೊಂಡರು. 'ಬದಲಾವಣೆಯ ಗಾಳಿ ಬೀಸಲಿದೆ, ಆದರೆ ತಾಳ್ಮೆಯಿರಲಿ' ಎಂದು ಅಂದು ಆಕಾಶವಾಣಿಯಲ್ಲಿ ಹೇಳಿದ್ದರೆ ನಮ್ಮ ಗತಿಯೇನಾಗುತ್ತಿತ್ತು?

ಇನ್ನೊಂದು ಸಂಗತಿ. ಗಿಣಿಶಾಸ್ತ್ರದವನಿಗೆ ಹೇಳಿದ ಹೆಸರು ಗಾಳಿಗೆ ಹೋಗುತ್ತಿತ್ತು. ಇಲ್ಲಿ ಬರೆದ ಪ್ರಶ್ನೆ ಎಲ್ಲಿಯೋ ಒಂದು ಕಡೆ ಉಳಿಯುತ್ತದೆ. ಗಂಡನ ಮೇಲಿನ ಅಸಮಾಧಾನ, ಅತ್ತೆಯ ಕಾಯಿಲೆ, ಸಾಲದ ಮೊತ್ತ, ಮಗುವಾಗದ ದುಃಖ ಎಲ್ಲವನ್ನೂ ನಾವು ಕೈಯಾರೆ ಬರೆದು ಯಾರಿಗೆ ಕೊಟ್ಟೆವೆಂಬುದು ನಮಗೆ ಗೊತ್ತಿರುವುದಿಲ್ಲ. ಖಾಸಗಿ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶದಲ್ಲಿ 2023ರಲ್ಲಿ ಕಾಯಿದೆಯಾಗಿದೆ, ಒಪ್ಪಿಗೆ ಪಡೆಯಬೇಕೆಂದು ಅದು ಹೇಳುತ್ತದೆ. ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುವವರು ನಾವೇ. ಇಂಥ ಯಂತ್ರಗಳು ಬೇರೆಲ್ಲೋ ಇವೆಯೆಂದು ಇನ್ನು ಹೇಳುವಂತೆಯೂ ಇಲ್ಲ. ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1500 ಕೋಟಿ ಡಾಲರ್ ಹೂಡಿ ಕೃತಕ ಬುದ್ಧಿಮತ್ತೆಯ ಕೇಂದ್ರ ಕಟ್ಟುವುದಾಗಿ ಗೂಗಲ್ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಬಂದರು ಬಂತು, ಹಡಗುಕಟ್ಟೆ ಬಂತು, ಉಕ್ಕಿನ ಕಾರ್ಖಾನೆ ಬಂತು. ಇನ್ನು ಮಾತಿನ ಕಾರ್ಖಾನೆ. ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಸಿಗಲಿ, ಸಂತೋಷ. ಅದು ಮಾಡಬಲ್ಲ ಒಳ್ಳೆಯ ಕೆಲಸಗಳೂ ಬಹಳ ಇವೆ. ಕಾರ್ಖಾನೆಯಿಂದ ಬಂದ ಮಾತು ಯಾವುದು, ಮನುಷ್ಯರ ಬಾಯಿಂದ ಬಂದ ಮಾತು ಯಾವುದು ಎಂಬ ಅರಿವು ಮನೆಯಲ್ಲಿ ಉಳಿದರಾಯಿತು.

ಇಷ್ಟೆಲ್ಲ ವಿಮರ್ಶೆಯನ್ನು ಸಿದ್ಧಮಾಡಿಕೊಂಡು, ಮುಂದಿನ ಭಾನುವಾರ ಆ ಹುಡುಗಿಯನ್ನು ಕೂರಿಸಿಕೊಂಡು ಪ್ರವಚನಕ್ಕೆ ತೊಡಗಿದೆ. ಅವಳು ತಾಳ್ಮೆಯಿಂದ ಕೇಳಿ, "ಮಾವ, ಅದು ಸುಳ್ಳು ಅಂತ ನನಗೂ ಗೊತ್ತು" ಎಂದಳು. "ಮತ್ತೆ ನನ್ನನ್ನೇ ಕೇಳಬಹುದಿತ್ತಲ್ಲ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ಹೇಳಿದರೆ ಅತ್ತೆಗೆ ಗೊತ್ತಾಗುತ್ತೆ. ಅತ್ತೆಗೆ ಗೊತ್ತಾದರೆ ಭಾನುವಾರದ ಹೊತ್ತಿಗೆ ಸಂಘಕ್ಕೆಲ್ಲ ಗೊತ್ತಾಗುತ್ತೆ. ಇವಳು ಗಂಡನನ್ನು ಬಿಟ್ಟು ಊರಿಗೆ ಹೋಗ್ತಾಳಂತೆ ಅಂತ ಸುದ್ದಿಯಾಗುತ್ತೆ. ಅದು ಯಾರಿಗೂ ಹೇಳಲ್ಲ, ಮಾವ" ಎಂದಳು. ಒಳಗೆ ಪಾತ್ರೆ ಸದ್ದು ನಿಂತಿತು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ವಾರದ ನನ್ನ ವಿಮರ್ಶೆಗೆ ಅವಳು ಒಂದೇ ಮಾತಿನಲ್ಲಿ ಬರೆದ ಪ್ರತಿವಿಮರ್ಶೆ ಅದು.

ಯೋಚಿಸಿ ನೋಡಿದರೆ ಅವಳದು ಸತ್ಯ. ಊರಿನಲ್ಲಿದ್ದಿದ್ದರೆ ಚಿಕ್ಕಮ್ಮ, ಪಕ್ಕದ ಮನೆಯ ಅಜ್ಜಿ, ಹಳೆಯ ಮೇಷ್ಟರು, ಯಾರನ್ನಾದರೂ ಕೇಳಬಹುದಿತ್ತು. ಒಬ್ಬರು ಬಾಯಿಬಿಟ್ಟರೆ ಇನ್ನೊಬ್ಬರಿದ್ದರು. ಪರಊರಿನಲ್ಲಿ ಕನ್ನಡದಲ್ಲಿ ಮನಸ್ಸು ಬಿಚ್ಚಲು ಇರುವವರು ನಾವು ನೂರಾರು ಮಂದಿ ಮಾತ್ರ, ನಾವೆಲ್ಲರೂ ಒಂದೇ ಸಭಾಂಗಣದಲ್ಲಿ ಸೇರುವವರು. ರಾಜ್ಯೋತ್ಸವಕ್ಕೆ ಕೋಸಂಬರಿ ಹಂಚುವಷ್ಟೇ ಧಾರಾಳವಾಗಿ ಪರರ ಮನೆಯ ಸುದ್ದಿಯನ್ನೂ ಹಂಚುತ್ತೇವೆ. ಹುಡುಗರು ರಾತ್ರಿ ಯಂತ್ರದ ಮುಂದೆ ಕೂರುವುದು ಮೂಢನಂಬಿಕೆಯಿಂದ ಅಲ್ಲ, ನಮ್ಮ ಬಾಯಿಯ ಭಯದಿಂದ.

ಅಂದು ನಾನು ಉಪದೇಶ ಬಿಟ್ಟು ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಅಮ್ಮನನ್ನು ಕೇಳಿದೆಯಾ?" ಕೇಳಿರಲಿಲ್ಲ. ಕೇಳಿದರೆ ಅಮ್ಮ ಆಸೆ ಇಟ್ಟುಕೊಳ್ಳುತ್ತಾರೆಂಬ ಅಳುಕು. ಆಗಲೇ ಫೋನು ಮಾಡಿಸಿದೆ. ಮಾತು ಐದು ನಿಮಿಷ ನಡೆದಿರಬೇಕು. ಇಟ್ಟ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ನನಗಾಗಿ ಬರಬೇಡ, ನಾನು ಹಾಯಾಗಿದ್ದೀನಿ, ಬರೋದಾದರೆ ನಿನಗೆ ಬೇಕು ಅಂತ ಬಾ, ಅಂದರು." 78 ಎಲೆಗಳಲ್ಲಿ ಎಲ್ಲಿಯೂ ಇಲ್ಲದ ಮಾತು ಅದು. ಅದು ಇದ್ದದ್ದು ಒಬ್ಬರೇ ಒಬ್ಬರ ಬಳಿ. ಹತ್ತು ದಿನ ಮೊದಲೇ ಸಿಕ್ಕಬಹುದಿತ್ತು. ಹುಡುಗಿ ಈಗ ಕಚೇರಿಗೆ ಕ್ಷಮೆ ಕೋರಿ ಪತ್ರ ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಏನೆಂದು ಬರೆದಳೋ ನಾನು ಕೇಳಿಲ್ಲ, ನನ್ನ ಹೆಂಡತಿಯೂ ಕೇಳಿಲ್ಲ. ಈ ಲೇಖನವನ್ನು ಅವಳು ಓದಿ, ಎರಡು ವಾಕ್ಯ ಹೊಡೆದುಹಾಕಿ, ಅಚ್ಚಿಗೆ ಒಪ್ಪಿಗೆ ಕೊಟ್ಟಿದ್ದಾಳೆ.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ಅರಿಕೆ. ಗಮಕ, ರಂಗೋಲಿ ಸ್ಪರ್ಧೆ, ಕನ್ನಡ ತರಗತಿ ಎಲ್ಲವೂ ನಡೆಯಲಿ. ಅದರ ಜೊತೆಗೆ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲ ನಾಲ್ಕು ಜನ ಹಿರಿಯರ ಹೆಸರನ್ನು ಎರಡೂ ಊರುಗಳಲ್ಲಿ ಗೊತ್ತುಮಾಡಿ ಸದಸ್ಯರಿಗೆ ತಿಳಿಸಿದರೆ ಹೇಗೆ? ಭವಿಷ್ಯ ಹೇಳುವುದಕ್ಕಲ್ಲ, 'ಪತ್ರಗಳು ಸರಿಯಾಗಿವೆಯೇ, ಅಮ್ಮನನ್ನು ಕೇಳಿದೆಯಾ' ಎಂದು ಕೇಳುವುದಕ್ಕೆ. ಮನಸ್ಸಿಗೆ ತೀರ ಭಾರವಾದವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದಕ್ಕೆ. ನಾಲ್ವರು ಸಿಕ್ಕುವುದು ಕಷ್ಟವೆಂದು ಬಲ್ಲೆ. ನನ್ನ ಹೆಸರು ಬರೆದುಕೊಳ್ಳಿ. ಬಾಯಿ ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಫೋನ್ ಸಂಖ್ಯೆ ಸಂಘದ ಕಚೇರಿಯಲ್ಲಿದೆ. ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತೇನೆ. ಈ ವಯಸ್ಸಿನಲ್ಲಿ ಆ ಹೊತ್ತಿಗೆ ನಮಗೆ ಹೇಗೂ ನಿದ್ರೆ ಬಂದಿರುವುದಿಲ್ಲ.